ಆಲ್ವಿನ್‌ನ ಅರ್ಧದ ಲೆಕ್ಕ

ಪೋರ್ಟ್ ಟ್ರೆನ್ನಾದಲ್ಲಿ ಯಾರದಾದರೂ ಬ್ಯಾಟರಿ ಕೆಟ್ಟರೆ ಅವರು ಮೊದಲು ಅಂಗಡಿಗೆ ಹೋಗುತ್ತಿರಲಿಲ್ಲ, ಆಲ್ವಿನ್ ಪ್ಯಾಸ್ಕೋನ ಶೆಡ್ಡಿಗೆ ಹೋಗುತ್ತಿದ್ದರು. ಮೀನುದೋಣಿಯ ಬ್ಯಾಟರಿ ಇರಲಿ, ಟ್ರ್ಯಾಕ್ಟರಿನದಿರಲಿ, ಅವನು ಮುಚ್ಚಳ ಬಿಚ್ಚಿ ಒಳಗೆ ಟಾರ್ಚು ಬಿಟ್ಟು ನೋಡಿ, ತಂದವನಿಗೆ ಮೊದಲು ಚೆನ್ನಾಗಿ ಬೈದು, ಆಮೇಲೆ ಕೆಲಸಕ್ಕೆ ಕೈಹಾಕುತ್ತಿದ್ದ. ಬೈಗುಳ ಯಾವಾಗಲೂ ಒಂದೇ.

"ಅರ್ಧಕ್ಕಿಂತ ಕೆಳಗೆ ಇಳಿಸಿದ್ದೀಯಲ್ಲೋ! ಎಷ್ಟು ಸಲ ಬಡ್ಕೊಂಡಿದೀನಿ, ಬ್ಯಾಟರೀಲಿ ಅರ್ಧ ಅಂದ್ರೆ ಖಾಲಿ ಅಂತ್ಲೇ ಲೆಕ್ಕ."

ಅವನು ಹೇಳಿದ್ದು ನಿಜವೇ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಹಿಂಡಿದರೆ ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ, ಬೇಗ ಸಾಯುತ್ತದೆ. ಜೆಟ್ಟಿಯ ದೋಣಿಗಳ ಬ್ಯಾಟರಿಗಳನ್ನು ನೋಡಿಕೊಳ್ಳುವುದೇ ಅವನ ಜೀವನದ ಕೆಲಸವಾಗಿತ್ತು. ಅವನಿಗೂ ಮೊದಲು ಅದು ಅವನಪ್ಪನ ಕೆಲಸ. ಸಮುದ್ರದ ನಡುವೆ ಎಂಜಿನ್ ಸ್ಟಾರ್ಟ್ ಆಗದೆ ಒಂದು ದೋಣಿ ಬಂಡೆಗೆ ಬಡಿದ ಕಥೆಯನ್ನು ಅಪ್ಪ ಹೇಳಿ ಹೇಳಿ ಮಗನ ತಲೆಯಲ್ಲಿ ಈ ಅರ್ಧದ ಲೆಕ್ಕ ಕೂರಿಸಿದ್ದ. ಮಗ ಅದನ್ನು ಊರಿನ ತಲೆಯಲ್ಲಿ ಕೂರಿಸಿದ. ನಮ್ಮಲ್ಲಿ ಕೆಲವರು ಪೆಟ್ರೋಲ್ ಅರ್ಧಕ್ಕೆ ಇಳಿದರೂ ಗಾಬರಿಯಾಗಿ ಬಂಕಿಗೆ ಓಡುತ್ತಿದ್ದರು.

ನಾನು ಅವನ ಪಕ್ಕದ ಮನೆಯವಳು. ನಡುವೆ ಇದ್ದದ್ದು ಒಂದು ತಗಡಿನ ಬೇಲಿ, ಅದೂ ಎದೆಮಟ್ಟದ್ದು. ಮದುವೆಯಾಗಿ ರಸೆಲ್‌ನ ಜೊತೆ ಈ ಊರಿಗೆ ಬಂದಾಗ ನನ್ನ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ಈಗ ಒಂದೂ ಕಪ್ಪಿಲ್ಲ. ಬೇಕರಿಯಲ್ಲಿ ಮಾಂಸದ ಕಡುಬಿನಂಥ ಪ್ಯಾಸ್ಟಿ ಮಡಚುತ್ತಾ ಆಯಸ್ಸು ಕಳೆದೆ. ಈ ಊರಲ್ಲಿ ಎಂಬತ್ತರ ಮುದುಕನನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಅದಕ್ಕೆ ಆಲ್ವಿನ್‌ನ ವಿಷಯವನ್ನು ನಾನೂ ಹಾಗೇ ಬರೆಯುತ್ತೇನೆ. ಮರ್ಯಾದೆ ಕಡಿಮೆಯಿದೆ ಅಂತಲ್ಲ. ಅವನ ಮೇಲೆ ಸಿಟ್ಟಿದೆಯೇ ಎಂದು ಕೇಳಿದರೆ, ಒಂದು ಕಾಲಕ್ಕೆ ಇತ್ತು.

ಅವನ ಹೆಂಡತಿ ನೋಲಾ. ಜೆಟ್ಟಿಯ ಪಕ್ಕದ ಕಲ್ಲುಕಟ್ಟೆಯ ಈಜುಕೊಳದಲ್ಲಿ ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವಳು. ನೀರು ಕಂಡರೆ ಹಿಂದೆ ಸರಿಯುತ್ತಿದ್ದ ನನ್ನನ್ನೂ ಬಿಡಲಿಲ್ಲ. "ಉಸಿರು ತುಂಬ್ಕೊಂಡು ಸುಮ್ನೆ ಮಲಗು ಸುಗುಣಾ. ನೀರಿಗೆ ನಿನ್ನ ಮೇಲೇನೂ ದ್ವೇಷ ಇಲ್ಲ" ಎಂದು ಬೆನ್ನಿನ ಕೆಳಗೆ ಅಂಗೈ ಇಟ್ಟಳು, ನಾನು ತೇಲಿದೆ. ಅವಳು ಒಂದು ಸಲ ನೀರಿನೊಳಗೆ ಮುಳುಗಿದರೆ ದಂಡೆಯಲ್ಲಿ ನಿಂತವರಿಗೇ ಉಸಿರು ಕಟ್ಟುತ್ತಿತ್ತು, ಅಷ್ಟು ಹೊತ್ತು ಒಳಗಿರುತ್ತಿದ್ದಳು. ಅಂಥವಳಿಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಬಂತು. ದೇವರು ಎನ್ನುವವನು ಇದ್ದರೆ ಅವನನ್ನು ಈ ಒಂದು ವಿಷಯಕ್ಕೆ ನಿಲ್ಲಿಸಿ ಕೇಳಬೇಕು ಎನ್ನಿಸುತ್ತದೆ ನನಗೆ.

ಪ್ರತಿ ಜುಲೈನಲ್ಲಿ, ಅಂದರೆ ಇಲ್ಲಿಯ ಚಳಿಗಾಲದಲ್ಲಿ, ನಾವು ನಾಲ್ವರೂ ಉತ್ತರದ ಬೆಟ್ಟಗಳ ಕಡೆ ಹೋಗಿ ಎಮು ಹಳ್ಳದ ದಂಡೆಯಲ್ಲಿ ಬೀಡುಬಿಡುತ್ತಿದ್ದೆವು. ಅವರದೊಂದು ಪುಟ್ಟ ಟ್ರೇಲರ್, ಮೇಲಿನ ಕ್ಯಾನ್ವಾಸ್ ಎತ್ತಿದರೆ ಒಂದು ಹಾಸಿಗೆ, ಒಂದು ಒಲೆ, ಒಂದು ಫ್ರಿಜ್. ನಮ್ಮದು ಡೇರೆ. ಕರೆಂಟಿಲ್ಲ, ಫೋನಿಲ್ಲ. ಜನರೇಟರ್ ತಂದು ಸದ್ದು ಮಾಡಿದವರನ್ನು ಆ ದಂಡೆಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಅದು ಅಲ್ಲಿಯ ಕಟ್ಟಳೆ. ಸಂಜೆ ಐದಕ್ಕೆ ಎಲ್ಲರೂ ತಂತಮ್ಮ ಮಡಚುವ ಕುರ್ಚಿ ಹಿಡಿದು ಒಂದು ಕಡೆ ಸೇರಬೇಕು, ಅದೂ ಕಟ್ಟಳೆಯೇ.

ಹಳ್ಳವೆಂದರೆ ಹೆಸರಿಗೆ ಹಳ್ಳ. ನಾವು ಹೋದಾಗಲೆಲ್ಲ ಇದ್ದದ್ದು ಅಗಲವಾದ ಒಣ ಮರಳು, ಅದರ ನಡುವೆ ದೈತ್ಯ ನೀಲಗಿರಿ ಮರಗಳು. ಆ ಮರಗಳ ಬೊಡ್ಡೆಯಲ್ಲಿ ಆಳೆತ್ತರಕ್ಕೂ ಮೇಲೆ ಕಸಕಡ್ಡಿ, ಬೇರು, ಸತ್ತ ಹುಲ್ಲು ಸಿಕ್ಕಿಕೊಂಡಿರುತ್ತಿತ್ತು. ನೋಲಾ ಪ್ರತಿ ವರ್ಷ ಒಂದು ಮರದ ಬುಡದಲ್ಲಿ ನಿಂತು, ಕೈಯೆತ್ತಿ, ಆ ಕಸವನ್ನು ಬೆರಳತುದಿಯಿಂದ ಮುಟ್ಟುತ್ತಿದ್ದಳು.

"ಇಷ್ಟೆತ್ತರ ನೀರು ಬಂದಿದೆ ನೋಡು. ನಾವು ಬೆನ್ನು ತಿರುಗಿಸಿದ ಮೇಲೇ ಬರತ್ತೆ ಇದು, ಕಳ್ಳ ಹಳ್ಳ. ಒಂದ್ಸಲ ಎದುರಿಗೇ ಹಿಡೀಬೇಕು ಇದನ್ನ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಕಾಯಿಲೆ ಜೋರಾದ ವರ್ಷ ಡಾಕ್ಟರ್ ಅವಳಿಗೆ ಆಕ್ಸಿಜನ್ ಯಂತ್ರ ಕೊಟ್ಟರು. ಕೈಯಲ್ಲಿ ಹಿಡಿದು ಎತ್ತಬಹುದಾದ ಪೆಟ್ಟಿಗೆ. ಮಲಗುವಾಗ ಮೂಗಿಗೆ ನಳಿಗೆ ಹಾಕಿಕೊಳ್ಳಬೇಕು, ರಾತ್ರಿಯಿಡೀ ಅದು ಬುಸ್ ಟಕ್, ಬುಸ್ ಟಕ್ ಎನ್ನುತ್ತಿರಬೇಕು. ಪ್ರವಾಸದ ಮಾತೆತ್ತಿದಾಗ ಡಾಕ್ಟರ್, ಎಲ್ಲಿಗೆ ಬೇಕಾದರೂ ಹೋಗಿ, ಕರೆಂಟ್ ಇರುವ ಕಡೆ ಹೋಗಿ ಎಂದರಂತೆ. ನೋಲಾ ಮನೆಗೆ ಬಂದವಳು ಬೇಲಿಯ ಹತ್ತಿರ ನಿಂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮುಂದಿನ ವರ್ಷದ ಜುಲೈಗೆ ನಾನಿರಲ್ಲ ಸುಗುಣಾ. ಸುಳ್ಳು ಸಮಾಧಾನ ಹೇಳ್ಬೇಡ. ನಂಗೆ ಹಳ್ಳಕ್ಕೆ ಹೋಗ್ಬೇಕು ಅಷ್ಟೆ."

ಬೇಲಿಯಾಚೆ ಆಲ್ವಿನ್ ಕೇಳಿಸಿಕೊಂಡಿದ್ದ. ಶೆಡ್ಡಿಗೆ ಹೋಗಿ, ಟ್ರೇಲರಿನ ಮೂತಿಯಲ್ಲಿ ಕೂತಿದ್ದ ಹಳೆಯ ಸೀಸದ ಬ್ಯಾಟರಿಯ ಮುಂದೆ ಮಂಡಿಯೂರಿದ. ಅದರ ಕೈಯಲ್ಲಿ ಫ್ರಿಜ್ಜು ಮತ್ತು ಒಂದು ದೀಪ ಓಡಿದರೆ ಹೆಚ್ಚು. ರಾತ್ರಿಯಿಡೀ ಉಸಿರು ಕೊಡುವ ತಾಕತ್ತು ಅದಕ್ಕಿರಲಿಲ್ಲ.

ಹೊಸ ತರಹದ್ದೇ ಬೇಕು, ಲಿಥಿಯಂ, ಎಂದು ಅವನೇ ತೀರ್ಮಾನಿಸಿದ. ಆ ವಯಸ್ಸಿನಲ್ಲಿ, ಅಷ್ಟು ವರ್ಷದ ಸೀಸದ ನಂಟು ಬಿಟ್ಟು, ಹೊಸದಕ್ಕೆ ಕೈಚಾಚುವುದು ಅವನಂಥವನಿಗೆ ಸಣ್ಣ ಮಾತಲ್ಲ. ನಗರದ ಅಂಗಡಿಗೆ ಫೋನ್ ಮಾಡಿದ. ಅತ್ತಲಿಂದ ಹುಡುಗ ಏನೋ ವಿವರಿಸಲು ಹೊರಟ. ನಾನು ಆಗ ಬಿಸಿ ಪ್ಯಾಸ್ಟಿ ಕೊಡಲು ಹೋಗಿದ್ದೆ, ಇವನ ಉತ್ತರ ನನ್ನ ಕಿವಿಗೇ ಬಿತ್ತು.

"ಇದನ್ನ ಬಳಸೋದು ಹೇಗೆ ಅಂತ ನಂಗೆ ಹೇಳ್ತೀಯೇನಪ್ಪಾ? ನಿಮ್ಮಪ್ಪ ಚಡ್ಡಿ ಹಾಕ್ಕೊಳ್ಳೋಕೆ ಮುಂಚಿಂದ ನಾನು ಬ್ಯಾಟರಿ ನೋಡ್ತಿದೀನಿ. ಕಳ್ಸು, ಸಾಕು."

"ಪಾಪ, ಏನೋ ಹೇಳ್ತಿದ್ದ, ಕೇಳ್ಬಾರ್ದಿತ್ತಾ?" ಎಂದಳು ನೋಲಾ.

"ಮಾರೋನು ಹೇಳೋದನ್ನೆಲ್ಲ ಕೇಳಿದ್ರೆ ಮನೆ ಮಾರ್ಕೋಬೇಕು" ಎಂದ.

ಪೆಟ್ಟಿಗೆ ಬಂತು. ಅಷ್ಟು ದೊಡ್ಡ ಬ್ಯಾಟರಿಯನ್ನು ಒಬ್ಬನೇ ಎತ್ತಿ ಇಟ್ಟು, "ಇಷ್ಟು ಹಗುರ ಇದೆ, ಒಳಗೇನಾದ್ರೂ ಇದೆಯೋ ಇಲ್ವೋ!" ಎಂದು ಬೆರಗಾದ. ಆಮೇಲಿನ ದಿನಗಳಲ್ಲಿ ಅವನು ಕೆಲಸ ಮಾಡಿದ ರೀತಿಯನ್ನು ನಾನು ಮರೆಯಲಾರೆ. ಹೊಸ ಬ್ಯಾಟರಿಯನ್ನು ಚಳಿ ಹೊಡೆಯುವ ಟ್ರೇಲರಿನ ಮೂತಿಯಲ್ಲಿಡದೆ ನೋಲಾಳ ಹಾಸಿಗೆಯ ಕೆಳಗೆ ಮರದ ಗೂಡು ಮಾಡಿ ಕೂರಿಸಿದ. ಹಳೆಯ ಸಣ್ಣ ತಂತಿಗಳನ್ನು ಕಿತ್ತು ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್ ಎಳೆದ. ಪ್ರತಿ ತುದಿಯನ್ನೂ ಒತ್ತಿ, ಜಗ್ಗಿ, ಮತ್ತೆ ಜಗ್ಗಿ ನೋಡಿದ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡುವ ಪೆಟ್ಟಿಗೆ, ಫ್ಯೂಸು, ಚಾವಣಿಯ ಮೇಲೆ ಹೊಸ ಸೋಲಾರ್ ಹಲಗೆ, ಎಷ್ಟು ಉಳಿದಿದೆ ಎಂದು ತೋರಿಸುವ ಪುಟ್ಟ ಪರದೆ, ಎಲ್ಲವೂ ಆಯಿತು. ಕಾರಿನ ಎಂಜಿನ್ನಿಂದ ಬ್ಯಾಟರಿ ತುಂಬಿಸಲು ಬೇಕಾದ ಇನ್ನೊಂದು ಪೆಟ್ಟಿಗೆ ಮಾತ್ರ ಸಮಯಕ್ಕೆ ಬರಲಿಲ್ಲ. ಬಿಸಿಲಿದೆಯಲ್ಲ, ಅದನ್ನು ಮುಂದಿನ ಸಲ ನೋಡೋಣ ಎಂದ. ಮುಂದಿನ ಸಲ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಮೂವರೂ ಸ್ವಲ್ಪ ಹೊತ್ತು ಬೇರೆ ಬೇರೆ ಕಡೆ ನೋಡಿದೆವು.

ಆಮೇಲೆ ಪರೀಕ್ಷೆ. ಅಂಗಳದಲ್ಲೇ ಟ್ರೇಲರ್ ಬಿಚ್ಚಿ, ಸೋಲಾರಿಗೆ ಕಂಬಳಿ ಹೊದೆಸಿ, ನೋಲಾಳನ್ನು ಅಲ್ಲೇ ಮಲಗಿಸಿದ. ಎರಡು ರಾತ್ರಿಗೆ ಪರದೆ ಅರ್ಧಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದ.

"ಎರಡು ರಾತ್ರಿ ಗ್ಯಾರಂಟಿ" ಎಂದು ಬೇಲಿಯ ಮೇಲಿಂದ ನನಗೆ ಕೂಗಿ ಹೇಳಿದ. "ಬಿಸಿಲು ಬಿದ್ರೆ ದಿನಾ ಮಧ್ಯಾಹ್ನ ಭರ್ತಿ. ಬೇಕಾದ್ರೆ ತಿಂಗಳಿರಬಹುದು."

"ಫ್ರಿಜ್ ಓಡಿಸ್ತೀಯೋ, ನನ್ನ ಓಡಿಸ್ತೀಯೋ?" ಎಂದಳು ನೋಲಾ, ನಳಿಗೆ ಸರಿಮಾಡಿಕೊಳ್ಳುತ್ತಾ.

"ಬಿಯರ್ ಬೆಚ್ಚಗೇ ಕುಡೀತೀನಿ ಕಣೇ. ಇದಕ್ಕಿಂತ ದೊಡ್ಡ ಪ್ರೀತಿ ನಿಂಗೆ ಯಾವನು ಕೊಡ್ತಾನೆ?"

ಹೋದೆವು. ಮೊದಲ ದಿನಗಳು ಬಂಗಾರದಂಥವು. ಬೆಳಗಿನ ಚಳಿಗೆ ಕೆಂಡದ ಮೇಲೆ ಚಹಾ, ಮರದ ತುಂಬ ಬಿಳಿ ಕಾಕಟೂ ಗಿಳಿಗಳ ಗಲಾಟೆ, ಮಧ್ಯಾಹ್ನದ ಹೊತ್ತಿಗೆ ಪರದೆಯಲ್ಲಿ ಪೂರ್ತಿ ನೂರು. ಆಲ್ವಿನ್ ಸಿಕ್ಕವರಿಗೆಲ್ಲ ಹಾಸಿಗೆ ಎತ್ತಿ ತನ್ನ ಕೆಲಸ ತೋರಿಸಿದ. ನೋಲಾ ಮರದವರೆಗೂ ನಡೆದುಕೊಂಡು ಹೋದಳು. ನಡುವೆ ಅನೇಕ ಸಲ ನಿಂತಳು, ಆದರೆ ಹೋದಳು. ಕೈಯೆತ್ತಿದರೆ ಈ ಸಲ ಕಸ ಎಟುಕಲಿಲ್ಲ. ಭುಜ ಮೇಲೇಳುತ್ತಿರಲಿಲ್ಲ.

ಆಮೇಲೆ ಮೋಡ ಕವಿಯಿತು. ನಮ್ಮ ಮೇಲೆ ಹನಿಯೂ ಇಲ್ಲ, ಆದರೆ ಉತ್ತರದ ಬೆಟ್ಟಗಳ ಮೇಲೆ ಕಪ್ಪು ಮಳೆ. ಎರಡು ದಿನ ಸೂರ್ಯನ ಮುಖ ಕಾಣಲಿಲ್ಲ, ಸೋಲಾರ್ ಹಲಗೆ ಇದ್ದೂ ಇಲ್ಲದಂತಾಯಿತು. ಎರಡನೆಯ ರಾತ್ರಿ ಕಳೆದು ಬೆಳಗಾದಾಗ ಆ ಜಮೀನಿನ ಒಡತಿ ಟ್ರಕ್ಕಿನಲ್ಲಿ ಬಂದಳು. ಅವಳ ಮನೆ ಅಲ್ಲಿಂದ ಗಂಟೆಗಟ್ಟಲೆ ದೂರ.

"ಮೇಲೆ ಹಳ್ಳ ಬಂದಿದೆ. ನಾಳೆ ಇಲ್ಲಿಗೆ ಮುಟ್ಟತ್ತೆ" ಎಂದಳು. "ನೀವು ಎತ್ತರದ ದಂಡೇಲಿದ್ದೀರಿ, ದಾರೀನೂ ಈಚೆಗೇ ಇದೆ, ಭಯ ಇಲ್ಲ. ಕುರ್ಚಿ ಮಾತ್ರ ಮರಳಿಂದ ಮೇಲೆ ಹಾಕ್ಕೊಳ್ಳಿ. ನೋಡೋ ಅಂಥದ್ದು, ತಪ್ಪಿಸ್ಕೋಬೇಡಿ."

ನೋಲಾಳ ಮುಖ ನೋಡಬೇಕಿತ್ತು. "ಸಿಕ್ಕಿಬಿದ್ದ ಕಳ್ಳ!" ಎಂದು ನನ್ನ ಕೈ ಹಿಚುಕಿದಳು. ಅವಳಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಆಲ್ವಿನ್ ಟ್ರೇಲರಿನಿಂದ ಇಳಿದು ಬಂದ. ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು.

"ಐವತ್ತಕ್ಕೆ ಬಂದಿದೆ. ಕಟ್ಟೋಣ. ಹೊರಡಬೇಕು."

"ನಾಳೆ ನೀರು ಬರತ್ತೆ ಆಲ್" ಎಂದಳು ನೋಲಾ.

"ಗೊತ್ತು. ಬ್ಯಾಟರಿ ಮುಗೀತು."

"ಐವತ್ತು ಇದೆ ಅಂದ್ಯಲ್ಲ?"

"ಅರ್ಧ ಅಂದ್ರೆ ಖಾಲಿ. ಮದುವೆಯಾದಾಗ್ಲಿಂದ ಕೇಳ್ತಿದೀಯ. ನಡುರಾತ್ರಿ ಅದು ಕುಸಿದು ಬಿದ್ರೆ? ಯಂತ್ರ ನಿಂತ್ರೆ? ಇಲ್ಲಿ ಯಾರನ್ನ ಕರೀಲಿ ನಾನು?"

"ಇವತ್ತೊಂದು ರಾತ್ರಿ. ಮಲಗಲ್ಲ. ಕೂತ್ಕೊಂಡೇ ಇರ್ತೀನಿ."

"ಕೂತ್ಕೊಂಡು ಸಾಯ್ತೀಯಾ?" ಎಂದು ಅವನು ಅರಚಿದ. ಅವನು ಅವಳ ಮೇಲೆ ಧ್ವನಿ ಏರಿಸಿದ್ದನ್ನು ನಾವು ಕೇಳಿರಲೇ ಇಲ್ಲ.

ನೋಲಾ ನಮ್ಮ ಕಡೆ ತಿರುಗಿದಳು. ನಾವಾದರೂ ಏನಾದರೂ ಹೇಳುತ್ತೇವೆಂದು ಕಾದಳು. ರಸೆಲ್ ಹೋಗಿ ಪರದೆ ನೋಡಿ ಬಂದು, "ಐವತ್ತೇ. ಅರ್ಧ ಅಂದ್ರೆ ಖಾಲಿನೇ ಕಣಮ್ಮ" ಎಂದ. ಪಕ್ಕದ ಡೇರೆಯ ಮುದುಕರೂ ಹೌದೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಆ ದಂಡೆಯ ಮೇಲೆ ಇದ್ದವರೆಲ್ಲ ಸೀಸದ ಕಾಲದವರು.

ಅವಳು ಮತ್ತೆ ವಾದಿಸಲಿಲ್ಲ. ಆಲ್ವಿನ್ ಕ್ಯಾನ್ವಾಸ್ ಇಳಿಸಿ, ಬ್ಯಾಟರಿಯ ದೊಡ್ಡ ಸ್ವಿಚ್ ಆರಿಸಿ, ಟ್ರೇಲರ್ ಕಾರಿಗೆ ಕಟ್ಟುವವರೆಗೂ ಕುರ್ಚಿಯನ್ನು ಬೆಟ್ಟದ ಕಡೆ ತಿರುಗಿಸಿ ಕೂತಿದ್ದಳು. ಕಾರು ಹತ್ತುವಾಗ, "ನೀನಾದ್ರೂ ನೋಡು ಸುಗುಣಾ. ಚೆನ್ನಾಗಿ ನೋಡು" ಎಂದಳು.

ಮರುದಿನ ಊಟದ ಹೊತ್ತಿಗೆ ಹಳ್ಳ ಬಂತು. ಮೊದಲು ಸದ್ದು, ಒಣಗಿದ ಎಲೆಗಳ ಮೇಲೆ ಯಾರೋ ನಡೆದು ಬರುವಂಥದ್ದು. ಆಮೇಲೆ ತಿರುವಿನಲ್ಲಿ ಕಂದು ನಾಲಿಗೆ, ಮುಂದೆ ಕಸ, ನೊರೆ, ತೇಲುವ ತೊಗಟೆ. ಅದು ಅವಸರವಿಲ್ಲದೆ ಮರಳನ್ನು ಮುಟ್ಟುತ್ತಾ, ಮರಗಳ ಬುಡವನ್ನು ಸುತ್ತುತ್ತಾ, ನೋಡನೋಡುತ್ತಿದ್ದಂತೆ ದಂಡೆಯಿಂದ ದಂಡೆಗೆ ತುಂಬಿತು. ಎಲ್ಲರೂ ಕೂಗಿ ಕುಣಿದರು. ನಾನು ಅಳುತ್ತಾ ಉಪ್ಪಿನಕಾಯಿ ಜಾಡಿ ತೊಳೆದು ಆ ನೀರನ್ನು ತುಂಬಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ನೋಲಾಳಿಗೆ ನಾನು ಜಾಡಿಯಲ್ಲಿ ಒಯ್ದೆ.

ನಾವು ಊರಿಗೆ ಮರಳುವಷ್ಟರಲ್ಲಿ ಅವಳು ಆಸ್ಪತ್ರೆ ಸೇರಿದ್ದಳು. ಜಾಡಿಯ ಮುಚ್ಚಳ ತೆಗೆದು ಎರಡು ಬೆರಳು ಅದ್ದಿ, ಮೂಸಿ, ಕೆನ್ನೆಗೆ ಹಚ್ಚಿಕೊಂಡಳು. ಮಂಚದ ಪಕ್ಕ ಆಲ್ವಿನ್ ತಲೆ ಬಗ್ಗಿಸಿ ಕೂತಿದ್ದ. ಅವನ ಬೋಳುತಲೆಯ ಮೇಲೆ ಒದ್ದೆ ಕೈಯಿಟ್ಟಳು.

"ಮುದುಕಾ, ಮುಖ ಎತ್ತು. ನೀನೇನು ಮಾಡ್ತಿದ್ದೆ, ಬ್ಯಾಟರಿ ಇರ್ಲಿಲ್ವಲ್ಲ. ಇದ್ದಿದ್ರೆ ನನ್ನ ಅಲ್ಲೇ ನಿಲ್ಲಿಸ್ತಿದ್ದೆ ಅಂತ ನಂಗ್ಗೊತ್ತು."

ಆಗಸ್ಟ್ ಮುಗಿಯುವ ಮುನ್ನ ಅವಳು ಹೋದಳು. ಆಲ್ವಿನ್ ಆ ಮಾತನ್ನು ಹಿಡಿದುಕೊಂಡೇ ದಿನ ದೂಡಿದ. ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದ. "ಇದ್ದಿದ್ರೆ ನಿಲ್ಲಿಸ್ತಿದ್ದೆ. ಅವಳೇ ಹೇಳಿದ್ಲಲ್ಲ" ಎನ್ನುತ್ತಿದ್ದ. ಹೌದು ಎನ್ನುತ್ತಿದ್ದೆ ನಾನು. ಆ ಒಂದು ಮಾತು ಅವನಿಗೆ ಅನ್ನವಾಗಿತ್ತು.

ಬೇಸಿಗೆ ಬಂದಾಗ ಟ್ರೇಲರ್ ಮಾರುತ್ತೇನೆಂದು ಜೆಟ್ಟಿಯ ಅಂಗಡಿಯಲ್ಲಿ ಚೀಟಿ ಅಂಟಿಸಿದ. ನೋಡಲು ಬಂದವಳು ಗ್ವೆಂಡಾ ಎಂಬ ಶಾಲೆಯ ಮೇಡಂ, ನಗುಮುಖದ ಹೆಂಗಸು, ಒಬ್ಬಳೇ ಊರೂರು ಅಲೆಯುವ ಹುಚ್ಚಿನವಳು. ಟ್ರೇಲರ್ ಹಳ್ಳದಿಂದ ಬಂದ ದಿನದಿಂದ ಶೆಡ್ಡಿನಲ್ಲಿ ಮುಚ್ಚಿದಂತೆಯೇ ಇತ್ತು. ಅವನು ಕ್ಯಾನ್ವಾಸ್ ಎತ್ತಿ, ದೊಡ್ಡ ಸ್ವಿಚ್ ಹಾಕಿದ. ಪರದೆ ಬೆಳಗಿತು. ನಾನು ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದೆ.

"ಅಬ್ಬಾ, ಎಷ್ಟು ಅಚ್ಚುಕಟ್ಟಾದ ಕೆಲಸ!" ಎಂದಳು ಗ್ವೆಂಡಾ. "ನಂದೂ ಇದೇ ಥರದ್ದು. ಇದು ಐವತ್ತರ ಹತ್ರ ಇದೆ, ಎಷ್ಟು ದಿನದಿಂದ ಚಾರ್ಜ್ ಮಾಡಿಲ್ಲ?"

"ಜುಲೈಯಿಂದ."

"ನೋಡಿ, ಹೊಸ ಬ್ಯಾಟರಿ ಗುಣ ಇದೇ. ಬಿಟ್ಟಲ್ಲೇ ಇರತ್ತೆ."

"ಅರ್ಧ ಆಗಿದೆ, ಮೊದಲು ತುಂಬಿಸ್ಕೊಳ್ಳಮ್ಮ" ಎಂದ ಆಲ್ವಿನ್. "ಅರ್ಧ ಅಂದ್ರೆ ಖಾಲಿ."

ಅವಳು ನಕ್ಕಳು. ಕೆಟ್ಟ ನಗೆಯಲ್ಲ, ತಾತನ ಮಾತಿಗೆ ನಗುತ್ತಾರಲ್ಲ, ಹಾಗೆ. "ಅಯ್ಯೋ, ಅದು ಸೀಸದ್ದಕ್ಕೆ! ನಮ್ಮಪ್ಪನೂ ಹಾಗೇ ಅಂತಿದ್ರು. ಇದಕ್ಕೆ ಅದಿಲ್ಲ. ತಳದವರೆಗೂ ಬಳಸಬಹುದು, ಏನೂ ಆಗಲ್ಲ. ಅರ್ಧ ಅಂದ್ರೆ ಅರ್ಧ ಪೂರ್ತಿ ಉಳಿದಿದೆ ಅಂತ. ಇಲ್ಲಿವರೆಗೆ ಎಷ್ಟು ಓಡ್ಸಿದ್ರೋ ಇನ್ನೂ ಅಷ್ಟೇ ಓಡ್ಸಬಹುದು."

ನನ್ನ ಕೈಯಲ್ಲಿದ್ದ ದಿಂಬಿನ ಚೀಲ ನೆಲಕ್ಕೆ ಬಿತ್ತು. ಆಲ್ವಿನ್ ಟ್ರೇಲರಿನ ಅಂಚು ಹಿಡಿದುಕೊಂಡ. ಗ್ವೆಂಡಾ ಇನ್ನೂ ಏನೇನೋ ಹೇಳುತ್ತಿದ್ದಳು, ಚಕ್ರದ ಬಗ್ಗೆ, ಬಣ್ಣದ ಬಗ್ಗೆ. ಕೊನೆಗೆ ಅವನು, "ಇವತ್ತು ಬೇಡಮ್ಮ. ಇನ್ನೊಂದಿನ ಬಾ" ಎಂದು ಅವಳನ್ನು ಗೇಟಿನವರೆಗೂ ಕಳಿಸಿಬಂದ.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಫೋನಿನಲ್ಲಿ ಹೇಳಹೊರಟ ಹುಡುಗನ ಬಾಯಿ ಮುಚ್ಚಿಸಿದ ಆಲ್ವಿನ್‌ನ ಮೇಲೆ, ಪರದೆ ನೋಡಿಬಂದ ರಸೆಲ್‌ನ ಮೇಲೆ, ತಲೆಯಾಡಿಸಿದ ನನ್ನ ತಲೆಯ ಮೇಲೆ. ಅಪ್ಪಂದಿರ ಮಾತನ್ನು ಅಷ್ಟು ನಿಷ್ಠೆಯಿಂದ ಹೊತ್ತು ತಿರುಗಿದ ಇಡೀ ಊರಿನ ಮೇಲೆ. ಬಯ್ಯಬೇಕೆಂದೇ ಬೇಲಿಯ ಹತ್ತಿರ ಹೋದೆ. ಆಗ ಆ ಸದ್ದು ಕೇಳಿತು. ಬುಸ್ ಟಕ್. ಬುಸ್ ಟಕ್.

ಅವನು ನೋಲಾಳ ಯಂತ್ರವನ್ನು ತಂದು, ಅವಳ ಹಾಸಿಗೆಯ ಮೇಲಿಟ್ಟು, ಆ ಬ್ಯಾಟರಿಗೇ ಹಚ್ಚಿದ್ದ. ನಳಿಗೆ ದಿಂಬಿನ ಮೇಲಿತ್ತು. ಎದುರಿಗೆ ಅವಳ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನ ಬಾಯಲ್ಲಿದ್ದ ಬೈಗುಳ ಅಲ್ಲೇ ಸತ್ತಿತು.

ಮರುದಿನ ಬೆಳಗ್ಗೆ ಚಹಾ ತೆಗೆದುಕೊಂಡು ಹೋದೆ. ಅದೇ ಕುರ್ಚಿ, ಅದೇ ಬಟ್ಟೆ. ಯಂತ್ರ ಓಡುತ್ತಲೇ ಇತ್ತು.

"ಕುಸೀಲಿಲ್ಲ ಸುಗುಣಾ" ಎಂದ. "ರಾತ್ರಿ ಪೂರ್ತಿ ಓಡ್ತು. ಒಂದ್ಸಲಾನೂ ತಡವರಿಸಲಿಲ್ಲ."

"ಸಾಕು ಆಲ್. ಆರಿಸು. ಎದ್ದು ಬಾ, ಏನಾದ್ರೂ ತಿನ್ನು."

"ಹಳ್ಳ ಬಂದದ್ದು ಯಾವ ಹೊತ್ತಿಗೆ ಅಂದೆ ನೀನು?"

ಹೇಳಬಾರದಿತ್ತು. ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಊಟದ ಹೊತ್ತಿಗೆ" ಎಂದೆ.

ಅವನು ತಲೆಯಾಡಿಸಿ ಮತ್ತೆ ಆ ಕಡೆ ತಿರುಗಿದ. ಅವನನ್ನು ಒಬ್ಬನೇ ಬಿಡಲು ಮನಸ್ಸಾಗಲಿಲ್ಲ, ಟ್ರೇಲರಿನ ಮೆಟ್ಟಿಲ ಮೇಲೆ ನಾನೂ ಕೂತೆ. ಬಿಸಿಲೇರಿತು. ರಸೆಲ್ ಬಂದು ಬೇಲಿಯಾಚೆ ನಿಂತು, ನೋಡಿ, ಒಳಗೆ ಹೋದ. ಶಾಲೆಯಲ್ಲಿ ಊಟದ ಗಂಟೆ ಹೊಡೆಯಿತು.

"ಈಗ ಬಂತು ನೀರು" ಎಂದ ಆಲ್ವಿನ್.

ಹಾಸಿಗೆಯ ಮೇಲೆ ಯಂತ್ರ ಇನ್ನೂ ಓಡುತ್ತಿತ್ತು.